ಮಗ್ಗಕ್ಕೆ ಒಬ್ಬರು

ಮಕ್ತಲ್‌ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಭಾಗ್ಯಜ್ಯೋತಿ ಗದ್ವಾಲಿನ ನೇಕಾರರ ಮನೆಯ ಮಗಳು. ಹೊರದೇಶದ ವ್ಯಾಪಾರ ಊರಿಗೆ ಕಾಲಿಟ್ಟರೆ ಊರವರ ಬದುಕು ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ನೋಡುವುದು ಆಕೆಯ ಹುಚ್ಚು. ಆ ಹುಚ್ಚಿಗೆ ಈಗ ಕೆಲಸ ಸಿಕ್ಕಿತ್ತು. ವಿದೇಶಕ್ಕೆ ಅಂಗಿ ಹೊಲಿದು ಕಳಿಸುವ ಕಂಪನಿಯೊಂದು ನೇಕಾರರ ಸಂಘದ ಜಾಗದಲ್ಲಿ ಶೆಡ್ ಹಾಕುತ್ತೇನೆಂದು ಬಂದಿತ್ತು. ಜಾಗ ಕೊಡಬೇಕೋ ಬೇಡವೋ ಎಂದು ಸಂಘದವರು ಆಕೆಯನ್ನೇ ಕೇಳಿದ್ದರು.

ಕೊಡಿ ಎಂದಿತ್ತು ಮಾದರಿ. ಗಂಡಸರು ಮಗ್ಗದಲ್ಲೇ ಇರಲಿ, ಮನೆಯಲ್ಲಿ ಸುಮ್ಮನಿರುವ ಹೆಂಗಸರು ಶೆಡ್ಡಿಗೆ ಹೋಗಲಿ. ಸೀರೆ ನೇಯ್ಗೆಯೂ ನಿಲ್ಲದು, ಸಂಬಳವೂ ಬರುತ್ತದೆ. ಹಾಗೆಂದು ಆಕೆ ಸಂಘದವರಿಗೆ ಹೇಳಿಯೂ ಇದ್ದಳು.

ಸಭೆಯ ದಿನ ಬೆಳಿಗ್ಗೆ ಆಕೆ ತಮ್ಮ ಕೊಟ್ರೇಶನ ಮನೆಗೆ ಹೋದಳು. ಅವನು ಮಗ್ಗದಲ್ಲಿದ್ದ, ಪಕ್ಕದಲ್ಲಿ ಹೆಂಡತಿ ಮೌನಿಕಾ. ಗದ್ವಾಲ್ ಸೀರೆಯ ಮೈ ಹತ್ತಿ, ಅಂಚು ರೇಷ್ಮೆ. ಅಂಚಿನ ಲಾಳಿಯನ್ನು ಬದಿಯಲ್ಲಿ ಕುಳಿತ ಇನ್ನೊಬ್ಬರೇ ಆಡಿಸಬೇಕು.

"ಮೌನಿಕಾ, ಚಾ ಇಡವಾ," ಎಂದಳು ಭಾಗ್ಯಜ್ಯೋತಿ.

ಮೌನಿಕಾ ಎದ್ದು ಒಳಗೆ ಹೋದಳು. ಕೊಟ್ರೇಶ ಕೈಕಟ್ಟಿ ಕುಳಿತ.

"ಯಾಕೋ, ನಿಲ್ಲಿಸಿದಿ?"

"ಆಕಿ ಬರಬೇಕಲ್ಲಕ್ಕಾ."

ಭಾಗ್ಯಜ್ಯೋತಿ ಮಗ್ಗದ ಖಾಲಿಯಾದ ಬದಿಯನ್ನು ನೋಡಿದಳು. ಲೆಕ್ಕಕ್ಕೆಂದು ಮನೆಮನೆಗೆ ಹೋಗಿ ಕೇಳಿದಾಗ ಗಂಡಸರೆಲ್ಲ "ಹೆಂಡ್ತಿ ಮನ್ಯಾಗ ಇರ್ತಾಳ್ರಿ" ಎಂದಿದ್ದರು. ಆಕೆಯೂ ಮಾದರಿಯಲ್ಲಿ ಮಗ್ಗಕ್ಕೆ ಒಬ್ಬರೆಂದೇ ಲೆಕ್ಕ ಹಿಡಿದಿದ್ದಳು. ಮದುವೆಯಾಗುವ ತನಕ ಇದೇ ಬದಿಯಲ್ಲಿ ಕುಳಿತು ಬೆನ್ನು ನೋಯಿಸಿಕೊಂಡವಳಿಗೆ ಅದೂ ನೆನಪಾಗಿರಲಿಲ್ಲ. ಓದು ಎಂಥ ಮರೆವು ಕೊಡುತ್ತದೆ ನೋಡಿ.

ಸಂಘದ ಹಾಲಿನಲ್ಲಿ ಕಂಪನಿಯವನು ಕರಾರಿನ ಕಾಗದ ಹಿಡಿದು ಮುಂದಿನ ಸಾಲಿನಲ್ಲೇ ಕುಳಿತಿದ್ದ. ಹೆಂಗಸರು ಬಾಗಿಲ ಬಳಿ ನಿಂತಿದ್ದರು.

"ಹೇಳವಾ, ಕೊಡೂಣೇನು?" ಎಂದ ಸಂಘದ ಹಿರಿಯ ಅಯ್ಯಣ್ಣ.

ತಪ್ಪು ಮುಚ್ಚಿಟ್ಟರೆ ಆಕೆಯ ಮರ್ಯಾದೆ ಉಳಿಯುತ್ತಿತ್ತು.

"ನನ್ನ ಲೆಕ್ಕ ತಪ್ಪೈತಿ ಕಾಕಾ. ಮಗ್ಗಕ್ಕ ಇಬ್ಬರು ಬೇಕು. ಹೆಂಗಸರು ಶೆಡ್ಡಿಗೆ ಹೋದ್ರ ಮಗ್ಗ ನಿಲ್ತಾವು."

ಹಾಲಿನಲ್ಲಿ ಗುಸುಗುಸು ಎದ್ದಿತು. ಕಂಪನಿಯವನ ಮುಖ ಕಪ್ಪಿಟ್ಟಿತು. ಎಲ್ಲರಿಗಿಂತ ಮೊದಲು ಎದ್ದವನು ಕೊಟ್ರೇಶ.

"ಅಕ್ಕ ಖರೇ ಹೇಳ್ಯಾಳ್ರಿ. ಜಾಗ ಕೊಡೂದು ಬ್ಯಾಡ."

ಗಂಡಸರೆಲ್ಲ ಕೈ ಎತ್ತಿದರು. ಹೆಂಗಸರನ್ನು ಯಾರೂ ಕೇಳಲಿಲ್ಲ. ತಪ್ಪು ತಿದ್ದಿದೆನೆಂದು ಭಾಗ್ಯಜ್ಯೋತಿ ಹಗುರಾಗಿ ಹೊರಬಂದಳು. ಬಾಗಿಲಲ್ಲಿ ಮೌನಿಕಾ ಅಡ್ಡ ನಿಂತಳು. ಅವಳ ಕಣ್ಣು ಕೆಂಪಾಗಿತ್ತು.

"ನಾ ಶೆಡ್ಡಿಗೆ ಹೋಗಾಕ ತಯಾರಿದ್ದೆ ಅಕ್ಕಾರ. ಮಗ್ಗದ ರೊಕ್ಕ ಎಂದೂ ನನ್ನ ಕೈಗೆ ಬಂದಿಲ್ಲ. ಆ ಸಂಬಳ ನನ್ನ ಕೈಗೆ ಬರ್ತಿತ್ತು. ಮಗ್ಗದ ಲೆಕ್ಕದಾಗ ನಾ ಇಲ್ಲದಾಗ ನಮ್ಮನಿಯವರು ಬಿಟ್ಟು ಕಳಸ್ತಿದ್ರು. ಈಗ ನೀವು ಲೆಕ್ಕಕ್ಕ ಹಿಡಿದ್ರಿ, ಇನ್ನ ಕಳಸಂಗಿಲ್ಲ."

"ಮತ್ತ ನೀ ನನಗ ಯಾಕ ಹೇಳಲಿಲ್ಲ?"

"ನೀವು ಲೆಕ್ಕ ಕೇಳಾಕ ಮನಿಗೆ ಬಂದಾಗ ಎಲ್ಲಾ ನಮ್ಮನಿಯವರನ್ನ ಕೇಳಿದ್ರಿ," ಎಂದಳು ಮೌನಿಕಾ. "ನನಗ ಚಾ ಇಡು ಅಂದ್ರಿ. ಇವತ್ತೂ ಅದನ್ನೇ ಅಂದ್ರಿ."