ಹಾಡು ನಿಂತರೂ ದೀಪ ಆರಲಿಲ್ಲ

ಹಿಂದೂಪುರದಲ್ಲಿ ನರಸಿಂಹಪ್ಪ ಕೈಯಿಟ್ಟ ರೇಡಿಯೋ ಮಾತಾಡದೆ ಇರುತ್ತಿರಲಿಲ್ಲ. ಚಿಲಮತ್ತೂರಿನ ಹರಿಜನವಾಡದಲ್ಲಿ ಹುಟ್ಟಿದವನು, ಬೆಂಗಳೂರಿನ ಶಿವಾಜಿನಗರದಲ್ಲಿ ಆರು ವರ್ಷ ಬೆಸುಗೆಯ ಹೊಗೆ ಕುಡಿದು ಕೆಲಸ ಕಲಿತು, ಹುಣಸೆಹಣ್ಣಿನ ಮಂಡಿಯ ಎದುರಿಗೆ ಒಂದು ಪೆಟ್ಟಿಗೆ ಅಂಗಡಿ ಇಟ್ಟಿದ್ದ. ಊರಿನ ದೊಡ್ಡ ಮನೆಗಳ ರೇಡಿಯೋಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ನರಸಿಂಹಪ್ಪ ಮಾತ್ರ ಆ ಮನೆಗಳ ಹೊಸಿಲು ದಾಟುವಂತಿರಲಿಲ್ಲ. ಅವನ ಕೈಗುಣ ಬೇಕು, ಕೈ ಬೇಡ. ಇಂಥ ನಾಜೂಕನ್ನು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

೧೯೮೨ರಲ್ಲಿ ಕಲ್ಯಾಣದುರ್ಗದ ಹುಣಸೆ ವ್ಯಾಪಾರಿ ಜಯರಾಮಪ್ಪನ ಕಾರಿನ ರೇಡಿಯೋ ಕೈಕೊಡತೊಡಗಿತು. ಹಾಡುತ್ತ ಹಾಡುತ್ತ ಸದ್ದಡಗಿಬಿಡುವುದು, ಎರಡು ಫರ್ಲಾಂಗು ಹೋದರೆ ತಾನಾಗಿಯೇ ಶುರುವಾಗುವುದು. ವಾರಕ್ಕೊಮ್ಮೆ ಮಂಡಿಗೆ ಬಂದಾಗ ಡ್ರೈವರ್ ಲಿಂಗಣ್ಣ ಅದನ್ನು ಬಿಚ್ಚಿ ಅಂಗಡಿಗೆ ತಂದುಕೊಡುತ್ತಿದ್ದ. ನರಸಿಂಹಪ್ಪ ತನ್ನ ಬ್ಯಾಟರಿಗೆ, ತನ್ನ ಸ್ಪೀಕರಿಗೆ ಹಾಕಿದರೆ ದಿನವಿಡೀ ತೊದಲದೆ ಹಾಡುತ್ತಿತ್ತು. ತಟ್ಟಿದ, ಅಲ್ಲಾಡಿಸಿದ, ಬಿಸಿಲಿಗಿಟ್ಟ, ಅನುಮಾನ ಬಂದ ಕಡೆಯೆಲ್ಲ ಹೊಸದಾಗಿ ಬೆಸೆದ. ಕಾರಿಗೆ ಕೂಡಿಸಿದರೆ ಪೆನುಕೊಂಡ ದಾಟುವುದರೊಳಗೆ ಮತ್ತದೇ ಕಥೆ. ಕಾರನ್ನೇ ನೋಡುತ್ತೇನೆಂದರೆ ಲಿಂಗಣ್ಣ ಮುಖ ತಿರುಗಿಸುತ್ತಿದ್ದ. ರೇಡಿಯೋದ ಪಕ್ಕದಲ್ಲೇ ದೇವರ ಪಟವಿತ್ತು; ಜಯರಾಮಪ್ಪನ ತಾಯಿ ರಂಗಲಕ್ಷ್ಮಮ್ಮ ಶುಕ್ರವಾರ ಶುಕ್ರವಾರ ಅದಕ್ಕೆ ಪೂಜೆ ಮಾಡುತ್ತಿದ್ದರು. ಅಲ್ಲಿಗೆ ಇವನು ಕೈಹಾಕುವುದುಂಟೇ?

ಮೂರನೆಯ ವಾರ ಜಯರಾಮಪ್ಪ ಮಂಡಿಯ ನಡುವೆ ನಿಂತು, ಈ ನರಸಿಂಹಪ್ಪ ಒರಿಜಿನಲ್ ಸಾಮಾನು ಕದ್ದು ಡೂಪ್ಲಿಕೇಟ್ ತುರುಕಿದ್ದಾನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮರುದಿನದಿಂದ ಅಂಗಡಿಗೆ ಒಂದೂ ರೇಡಿಯೋ ಬರಲಿಲ್ಲ. ಮೊದಲೇ ಕೊಟ್ಟಿದ್ದವರೂ ವಾಪಸು ಒಯ್ದರು. ಕಳ್ಳನೆಂಬ ಹೆಸರು ಅಂಟಿಕೊಂಡರೆ ಅವನ ಕಸುಬು ಅಲ್ಲಿಗೆ ಮುಗಿದಂತೆಯೇ. ನರಸಿಂಹಪ್ಪನಿಗೆ ಅಳು ಬರಲಿಲ್ಲ, ಕೆಟ್ಟ ಕೋಪ ಬಂತು. ಮುಂದಿನ ವಾರದ ಮಂಡಿಗೆ ಒಂದು ದಿನ ಇರುವಾಗ, ಮೀಟರು, ಸ್ಕ್ರೂಡ್ರೈವರು ಚೀಲಕ್ಕೆ ಹಾಕಿಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದ.

ಜಯರಾಮಪ್ಪನ ಮನೆಯ ಮುಂದೆ ನಿಂತು, ಕಾರಿನಲ್ಲಿ ಕೂತು ನೋಡದೆ ತಾನು ಕದಲುವುದಿಲ್ಲ, ತಪ್ಪು ರೇಡಿಯೋದೊಳಗೇ ಇದ್ದರೆ ಅಂಗಡಿಗೆ ಬೀಗ ಹಾಕುತ್ತೇನೆ ಎಂದ. ಬೀದಿಯ ಜನ ಸೇರಿದರು. ಅವರೆದುರು ಹಿಂಜರಿದರೆ ತನ್ನ ಮಾತೇ ಸುಳ್ಳಾದೀತೆಂದು ಜಯರಾಮಪ್ಪ ಹಿಂದಿನ ಸೀಟು ತೋರಿಸಿದ.

ಲಿಂಗಣ್ಣ ಕುಂದುರ್ಪಿ ರಸ್ತೆಯಲ್ಲಿ ಕಾರು ಬಿಟ್ಟ. ಮೂರು ಮೈಲಿಗೆ ಹಾಡು ನಿಂತಿತು. ನರಸಿಂಹಪ್ಪ ಮುಂದಕ್ಕೆ ಬಗ್ಗಿ ನೋಡಿದ. ರೇಡಿಯೋದ ಮುಖದಲ್ಲಿದ್ದ ಪುಟ್ಟ ದೀಪ ಹಾಗೆಯೇ ಉರಿಯುತ್ತಿತ್ತು. ಇಷ್ಟು ದಿನ ಎಲ್ಲರೂ ಕಿವಿಗೊಟ್ಟಿದ್ದರೇ ಹೊರತು ಯಾರೂ ಕಣ್ಣಿಟ್ಟು ನೋಡಿರಲಿಲ್ಲ. ಕರೆಂಟು ಬರುತ್ತಿದೆ ಎಂದಾಯಿತು. ಇನ್ನು ನೋಡಬೇಕಾದ್ದು ಸ್ಪೀಕರಿನ ದಾರಿ. ಸ್ಪೀಕರು ಅವನ ಬೆನ್ನ ಹಿಂದೆಯೇ ಇತ್ತು. ಕಾರು ನಿಲ್ಲಿಸಿ, ಕಾಲಡಿಯ ಮ್ಯಾಟು ಎತ್ತಿ, ಸ್ಪೀಕರಿನ ವೈರನ್ನು ಬೆರಳಲ್ಲಿ ಸವರುತ್ತ ಹೋದ. ವೈರು ನೆಟ್ಟಗೆ ದೇವರ ಪಟದ ಹಿಂದಕ್ಕೆ ಹೋಗಿತ್ತು. ಲಿಂಗಣ್ಣನಿಗೆ ಪಟ ಒತ್ತಲು ಹೇಳಿದ. ಒತ್ತಿದರೆ ಹಾಡು ನಿಂತಿತು, ಬಿಟ್ಟರೆ ಬಂತು.

ಮನೆಗೆ ಮರಳಿ, ಪಟ ಬಿಚ್ಚಬೇಕೆಂದು ಲಿಂಗಣ್ಣ ಹೇಳಿದಾಗ ರಂಗಲಕ್ಷ್ಮಮ್ಮ ಕಾರಿಗೆ ಅಡ್ಡ ನಿಂತರು. ಪಟ ಲಿಂಗಣ್ಣ ಬಿಚ್ಚಲಿ, ಇವನು ದೂರ ನಿಂತು ಹೇಳಿಕೊಟ್ಟರೆ ಸಾಕು ಎಂದರು.

“ಕದ್ದಿದ್ದು ಈ ಕೈ ಅಂದ್ರಲ್ಲ ಕಣಮ್ಮ, ಈ ಕೈಯೇ ಬಿಚ್ತೈತೆ,” ಎಂದು ನರಸಿಂಹಪ್ಪ ಮುಂದಿನ ಸೀಟಿನಲ್ಲಿ ಕೂತೇಬಿಟ್ಟ.

ಯಾರೂ ಅವನನ್ನು ಎಳೆದುಹಾಕಲಿಲ್ಲ, ಎಳೆಯಬೇಕಾದರೆ ಮುಟ್ಟಬೇಕಿತ್ತು. ಪಟದ ನಾಲ್ಕು ಸ್ಕ್ರೂಗಳಲ್ಲಿ ಒಂದು ಹೆಬ್ಬೆರಳುದ್ದ ಇತ್ತು. ಪಟ ಅಲ್ಲಾಡಬಾರದೆಂದು ಜಯರಾಮಪ್ಪ ಸ್ನಾನ ಮಾಡಿ ಬಂದು ತನ್ನ ಕೈಯಾರೆ ಬಿಗಿದಿದ್ದ ಸ್ಕ್ರೂ ಅದು. ಅದರ ಮೊನೆ ವೈರಿನ ಸಿಪ್ಪೆ ಸುಲಿದಿತ್ತು. ರಸ್ತೆಯ ಗುಂಡಿಗೆ ಕಾರು ಕುಲುಕಿದಾಗ ಒಳಗಿನ ತಾಮ್ರ ಸ್ಕ್ರೂಗೆ ತಗುಲಿ, ಹಾಡು ಸ್ಪೀಕರಿಗೆ ಹೋಗುವ ಬದಲು ಕಾರಿನ ತಗಡಿಗೆ ಇಳಿದುಹೋಗುತ್ತಿತ್ತು. ನರಸಿಂಹಪ್ಪ ಅದನ್ನು ಬೀದಿಯವರಿಗೆಲ್ಲ ತೋರಿಸಿದ, ವೈರಿಗೆ ಟೇಪು ಸುತ್ತಿದ, ಪಟಕ್ಕೆ ಗಿಡ್ಡ ಸ್ಕ್ರೂ ಹಾಕಿದ.

ಜಯರಾಮಪ್ಪ ದನಿ ತಗ್ಗಿಸಿ, ಕೂಲಿ ಎಷ್ಟಾಯಿತೆಂದು ಕೇಳಿದ.

“ದುಡ್ಡು ಬ್ಯಾಡ ಜಯರಾಮಪ್ಪೋರೆ. ನಾಳೆ ನಾನು ಇದೇ ಸೀಟಲ್ಲಿ ಕುಂತು ಹಿಂದೂಪುರಕ್ಕೆ ಬತ್ತೀನಿ. ಕಳ್ಳ ಅಂದ ಜಾಗದಲ್ಲೇ ಕಳ್ಳ ಅಲ್ಲ ಅನ್ನಿ. ಇಲ್ದಿದ್ರೆ ಈ ಸ್ಕ್ರೂನ ನಾನೇ ಮಂಡೀಲಿ ತೋರಿಸ್ತೀನಿ.”

ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಮಲಗಿ ಬೆಳಗಾಗುತ್ತಲೇ ಬಂದ. ಮಂಡಿಯಲ್ಲಿ ಕಾರು ನಿಂತಾಗ ಮುಂದಿನ ಸೀಟಿನಲ್ಲಿ ನರಸಿಂಹಪ್ಪ, ಹಿಂದೆ ಜಯರಾಮಪ್ಪ. ದಾರಿಯುದ್ದಕ್ಕೂ ರೇಡಿಯೋ ಒಮ್ಮೆಯೂ ನಿಂತಿರಲಿಲ್ಲ. ಹಮಾಲರು, ದಲ್ಲಾಳಿಗಳು ಸುತ್ತ ನೆರೆದರು. ನರಸಿಂಹಪ್ಪ ಇಳಿಯಲಿಲ್ಲ. ಜಯರಾಮಪ್ಪ ಗಾಜು ಇಳಿಸಿ, ಇವನು ಏನೂ ಕದ್ದಿಲ್ಲ, ತಪ್ಪು ನಮ್ಮದೇ ಎಂದು ಗೊಣಗಿದ.

ನರಸಿಂಹಪ್ಪ ಕೈಚಾಚಿ ರೇಡಿಯೋ ಆರಿಸಿದ.

“ಹಾಡಿನ ಗಲಾಟೇಲಿ ಯಾರ್ಗೂ ಕೇಳಿಸ್ಲಿಲ್ಲ,” ಅಂದ. “ಕೆಳಕ್ಕಿಳಿದು ಇನ್ನೊಂದ್ಸಲ ಹೇಳಿ.”