ಹುಲ್ಲಿಗೆ ಕಟಿಂಗ್ ಮಾಡುವ ಫ್ರೌಕ್ಯೆ

ಬೆಳಗಿನ ಐದೂವರೆ. ಕಾಲುವೆಯ ದಂಡೆಯ ಮೇಲೆ ಹೆಂಗಸೊಬ್ಬರು ಮಂಡಿಯೂರಿ ಕೂತು ಹುಲ್ಲಿಗೆ ಕಟಿಂಗ್ ಮಾಡುತ್ತಿದ್ದಾರೆ. ಎಡಗೈಯ ಎರಡು ಬೆರಳುಗಳ ನಡುವೆ ಎಳೆಗಳನ್ನು ಹಿಡಿದು, ಬಲಗೈಯ ಕತ್ತರಿಯಿಂದ ಕಚ್ ಕಚ್ ಎಂದು ತುದಿ ಸವರಿ, ತಲೆ ವಾಲಿಸಿ ನೋಡಿ, ಸಮಾಧಾನವಾಗದೆ ಇನ್ನೊಂದು ಚೂರು ಸವರುತ್ತಾರೆ. ನಾಯಿಯ ಜೊತೆ ವಾಕಿಂಗ್ ಹೊರಟ ಪಕ್ಕದ ಬೀದಿಯವನೊಬ್ಬ ನಿಲ್ಲುತ್ತಾನೆ.

"ಏನ್ ಫ್ರೌಕ್ಯೆ, ಗಿರಾಕಿಗೆ ಹಿಂದುಗಡೆ ಕನ್ನಡಿ ಹಿಡಿದು ತೋರಿಸಲ್ವಾ?"

"ಮೊದ್ಲು ನಿನ್ನ ನಾಯಿ ಇಲ್ಲಿ ಕಾಲೆತ್ತದ ಹಾಗೆ ನೋಡ್ಕೋ. ಇದು ಊಟದ ಎಲೆ ಕಣಪ್ಪಾ!"

ಫ್ರೀಸ್‌ಲ್ಯಾಂಡಿನ ಈ ಊರಿನ ಹೆಸರು ವರ್ಕುಮ್. ಹೆಸರಿಗೆ ತಕ್ಕಂತೆ ಇಲ್ಲಿ ವರ್ಕು ಮಾಡದವರಿಗೆ ಮರ್ಯಾದೆ ಕಮ್ಮಿ. ಫ್ರೌಕ್ಯೆ ವೇಬೆಂಗಾ ಅವರ ವರ್ಕು ಮಾತ್ರ ಸ್ವಲ್ಪ ವಿಚಿತ್ರದ್ದು. ಮನೆಯಲ್ಲಿ ಸಾಕುವ, ಮೊಲದ ಮರಿಯಷ್ಟಿನ ಗಿನಿಹಂದಿಗಳು ಹಲ್ಲು ಕೆಟ್ಟು ಊಟ ಬಿಟ್ಟರೆ ಅವುಗಳಿಗೆ ಮತ್ತೆ ತಾವೇ ತಿನ್ನುವುದನ್ನು ಕಲಿಸಿ ಮನೆಗೆ ಕಳಿಸುವುದು. ಸುತ್ತಲಿನ ನಾಲ್ಕಾರು ಪಟ್ಟಣಗಳ ಪಶುವೈದ್ಯರಿಗೆ ಅವರ ಫೋನ್ ನಂಬರ್ ಬಾಯಿಪಾಠ. ಊರಿನ ಹೆಚ್ಚಿನವರಿಗೆ ಮಾತ್ರ ಅವರು ಇವತ್ತಿಗೂ 'ಕಟಿಂಗ್ ಫ್ರೌಕ್ಯೆ'ಯೇ.

ಅದೂ ನಿಜವೇ. ಮೂವತ್ತೈದು ವರ್ಷ ಅವರು ಚರ್ಚಿನ ಪಕ್ಕದ ಓಣಿಯಲ್ಲಿ ಕ್ಷೌರದಂಗಡಿ ನಡೆಸಿದವರು. "ಊರಿನ ಅರ್ಧ ತಲೆ ನನ್ನ ಕೈಯಲ್ಲೇ ಬೆಳ್ಳಗಾದ್ವು, ಇನ್ನರ್ಧ ನನ್ನ ಕೈಯಲ್ಲೇ ಬೋಳಾದ್ವು," ಎನ್ನುತ್ತಾರೆ. ಒಂದು ದಿನ ಗಿರಾಕಿಯೊಬ್ಬರು, ತಲೆಗೆ ಬಣ್ಣ ಮೆತ್ತಿಸಿಕೊಂಡು ಕೂತವರು, ತಮ್ಮ ಗಿನಿಹಂದಿ ಊಟ ಬಿಟ್ಟಿದೆ ಎಂದು ಗೊಳೋ ಎಂದು ಅತ್ತುಬಿಟ್ಟರು. ಕಣ್ಣೀರಿಗೆ ಬಣ್ಣ ಇಳಿಯತೊಡಗಿತು. "ಅಳು ನಿಲ್ಲಿಸೋಕೆ, 'ತಗೊಂಬಾರಮ್ಮ ಅದನ್ನ, ನಾನು ತಿನ್ನಿಸ್ತೀನಿ' ಅಂದೆ. ಗಿರಾಕಿಗೆ ಬಟ್ಟೆ ಸುತ್ತೋ ಹಾಗೇ ಹಂದಿಗೆ ಟವೆಲ್ ಸುತ್ತಿದೆ. ಅಲ್ಲಿಂದ ಶುರು." ಮಣಿಕಟ್ಟು ನೋವಿಗೆ ಅಂಗಡಿ ಮುಚ್ಚಿತು. ಟವೆಲ್ ಸುತ್ತುವುದು ಮಾತ್ರ ನಿಲ್ಲಲಿಲ್ಲ.

ಗಿನಿಹಂದಿಯ ಹಲ್ಲು ನಮ್ಮ ಉಗುರಿನ ಹಾಗೆ, ಸಾಯುವ ತನಕ ಬೆಳೆಯುತ್ತದೆ. ದಿನವಿಡೀ ಒಣಹುಲ್ಲು ಅಗಿದರೆ ಸವೆಯುತ್ತದೆ. ಅಗಿಯದಿದ್ದರೆ ದವಡೆ ಹಲ್ಲುಗಳು ಒಳಕ್ಕೆ ವಾಲಿ, ನಾಲಿಗೆಯ ಮೇಲೆ ಸೇತುವೆ ಕಟ್ಟಿ, ಅದನ್ನು ಒತ್ತಿ ಹಿಡಿಯುತ್ತವೆ. ವೈದ್ಯರು ಮಂಪರಿನ ಮದ್ದು ಕೊಟ್ಟು, ಹಲ್ಲನ್ನು ಉಜ್ಜಿ ಗಿಡ್ಡ ಮಾಡಿ ಕಳಿಸುತ್ತಾರೆ. ಆದರೆ ನೋವು ಹೋದರೂ ಹೆದರಿಕೆ ಹೋಗುವುದಿಲ್ಲ. ಆಗ ಹಂದಿ ಫ್ರೌಕ್ಯೆಯವರ ಮಡಿಲಿಗೆ ಬರುತ್ತದೆ.

ಮೊದಲು ಸೂಜಿಯಿಲ್ಲದ ಸಿರಿಂಜಿನಲ್ಲಿ ಹಸಿರು ಗಂಜಿ. ಆಮೇಲೆ ಅದೇ ಗಂಜಿ ತಟ್ಟೆಯಲ್ಲಿ. ಅದಾದ ಮೇಲೆ ಹುಲ್ಲು. "ಹುಲ್ಲಿಗೆ ಮೊದ್ಲು ಮಿಲಿಟರಿ ಕಟ್. ಅದನ್ನ ತಿಂದ್ರೆ ಬಾಬ್ ಕಟ್. ಕೊನೆಗೆ ಉದ್ದ ಜಡೆ. ಜಡೆ ತಿಂದ ದಿನ ಮನೆಗೆ!" ದಿನಕ್ಕೆ ಎಂಟು ಸಲ ಗಂಜಿ, ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ. ಮನೆಯಲ್ಲಿ ಸದ್ದು ನಿಷಿದ್ಧ. ಕರೆಗಂಟೆಯೊಳಗೆ ಹಳೆಯ ಕಾಲುಚೀಲ ತುರುಕಿದ್ದಾರೆ. ಬಂದವರು ಬೆರಳಲ್ಲಿ ಮೆಲ್ಲಗೆ ಬಾಗಿಲು ತಟ್ಟಬೇಕು. ಪ್ರತಿಫಲವೆಂದರೆ ಒಬ್ಬರು ಕೊಟ್ಟ ಚೀಸು, ಇನ್ನೊಬ್ಬರು ಕೊಟ್ಟ ಹೊಗೆಯಾಡಿಸಿದ ಮೀನು.

ಗಂಡ ಡುರ್ಕ್ ಅವರದು ಒಂದೇ ದೂರು. "ಈ ಮನೇಲಿ ಊಟ ಬಾಯಿಗೇ ಬರ್ಬೇಕು ಅಂದ್ರೆ ನಾಲ್ಕು ಕಾಲಿರ್ಬೇಕು. ಎರಡು ಕಾಲಿನವರು ಬ್ರೆಡ್ಡಿಗೆ ಬೆಣ್ಣೆ ತಾವೇ ಹಚ್ಕೋಬೇಕು."

"ನಿಮ್ಮ ಹಲ್ಲು ಕೆಡಲಿ, ನೋಡೋಣ," ಎನ್ನುತ್ತಾರೆ ಫ್ರೌಕ್ಯೆ.

ಇವತ್ತಿನ ಹುಲ್ಲು ಬೊಲ್ಲೆಗೆ. ಬೊಲ್ಲೆ ಎಂದರೆ ಇಲ್ಲಿನವರ ಮಾತಿನಲ್ಲಿ ಗುಂಡಗಿನ ಬನ್ನು. ಬಂದಾಗ ಮಾತ್ರ ಬನ್ನು ಹೋಗಿ ರಸ್ಕಾಗಿದ್ದ. ದೋಣಿ ಬಂದಾಗೆಲ್ಲ ಕಾಲುವೆಯ ಎತ್ತುಸೇತುವೆಯನ್ನು ಏಳಿಸಿ ಇಳಿಸುವ ಹಾರ್ಮೆನ್ ತಾಲ್ಸ್ಮಾ ಅವರ ಹಂದಿ ಅವನು. ಸೇತುವೆ ಕಾಯುವವನ ಹಂದಿಯ ನಾಲಿಗೆ ಮೇಲೆಯೇ ಸೇತುವೆ ಕಟ್ಟಿಕೊಂಡಿದ್ದನ್ನು ಕಂಡು ಊರು ಒಂದು ವಾರ ನಕ್ಕಿತು. ಹಾರ್ಮೆನ್ ನಗಲಿಲ್ಲ. ಸೇತುವೆಯ ಪಕ್ಕದ ಪುಟ್ಟ ಕ್ಯಾಬಿನ್ನಿನಲ್ಲಿ ಬೊಲ್ಲೆಯ ಜೊತೆಗಿದ್ದ ಹೆಣ್ಣು ಹಂದಿ ಹೋದ ವರ್ಷ ಸತ್ತಿತು. ಅಂದಿನಿಂದ ಅಲ್ಲಿ ಉಳಿದವರು ಇವರಿಬ್ಬರೇ. ಹಾರ್ಮೆನ್ ತಾವೇ ತಿನ್ನಿಸಲು ನೋಡಿದರು. ಹಗ್ಗ ಎಳೆದು ದಪ್ಪವಾದ ಆ ಬೆರಳು ಸಿರಿಂಜು ಒತ್ತಿದರೆ ಗಂಜಿಯೆಲ್ಲ ಅವರ ಕನ್ನಡಕಕ್ಕೇ ಬರುತ್ತಿತ್ತು.

ಫ್ರೌಕ್ಯೆಯವರ ಕೈಯಲ್ಲಿ ಬೊಲ್ಲೆ ಚೆನ್ನಾಗಿಯೇ ಗಂಜಿ ಕುಡಿಯುತ್ತಾನೆ. ತೊಂದರೆ ಇರುವುದೇ ಅಲ್ಲಿ. ಗಂಜಿ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ತಟ್ಟೆ ಇಟ್ಟರೆ ಅದರೊಳಗೆ ಕೂರುತ್ತಾನೆ. ಮಿಲಿಟರಿ ಕಟ್ಟಿನ ಮೇಲೆ ಮಲಗುತ್ತಾನೆ. ಪಕ್ಕದ ಗೂಡಿನ ಹಂದಿ ಕರುಂ ಕರುಂ ಎಂದು ತಿನ್ನುವುದನ್ನು ಟಿವಿ ನೋಡಿದ ಹಾಗೆ ನೋಡುತ್ತಾನೆ. ಸಿರಿಂಜು ಕಂಡರೆ ಮಾತ್ರ ಕೈಯೆತ್ತಿ ಬಾಯಿ ತೆರೆಯುತ್ತಾನೆ, ಮದುವೆಮನೆಯ ಬೀಗರ ಹಾಗೆ.

ಪಶುವೈದ್ಯೆ ಇಡ್ಸಿಂಗಾ ಸೋಮವಾರ ಬಂದು ಬಾಯಿ ನೋಡಿದರು. "ಹಲ್ಲು ಈಗ ಸರಿಯಾಗಿವೆ ಫ್ರೌಕ್ಯೆ ಅವ್ರೇ. ಆದ್ರೆ ಹುಲ್ಲು ಅಗೀದೇ ಇದ್ರೆ ಮತ್ತೆ ಕಟ್ಕೊಳ್ಳುತ್ವೆ. ವಯಸ್ಸಾಗಿದೆ, ಹೋದ ಸಲ ಮಂಪರಿನಿಂದ ಏಳೋದೇ ಕಷ್ಟವಾಯ್ತು. ಇನ್ನೊಂದು ಸಲ ಕೊಡೋಕೆ ನನಗೆ ಧೈರ್ಯ ಇಲ್ಲ. ಸುಮ್ನೆ ನರಳಿಸೋದು ಬೇಡ, ಶನಿವಾರ ನೋಡೋಣ." ಶನಿವಾರ ನೋಡಿ ಏನು ಮಾಡುತ್ತಾರೆಂದು ಅವರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಇವತ್ತು ಗುರುವಾರ. ಬಾಬ್ ಕಟ್ಟನ್ನೂ ಬೊಲ್ಲೆ ಮೂಸಿ ಬಿಟ್ಟಿದ್ದಾನೆ. "ನನ್ನ ಕೈಯಲ್ಲಿ ಊಟ ಮಾಡದೇ ಹೋದ ಹಂದಿ ಇಲ್ಲ," ಎನ್ನುವ ಫ್ರೌಕ್ಯೆಯವರ ದನಿಯಲ್ಲಿ ಇವತ್ತು ಜಂಬಕ್ಕಿಂತ ಗಾಬರಿಯೇ ಜಾಸ್ತಿ.

ಸಂಜೆ ದೋಣಿಗಳ ಓಡಾಟ ನಿಂತ ಮೇಲೆ ಹಾರ್ಮೆನ್ ಎಂದಿನಂತೆ ಬರುತ್ತಾರೆ, ಬೆರಳಲ್ಲಿ ಬಾಗಿಲು ತಟ್ಟುತ್ತಾರೆ, ಗೂಡಿನ ಮುಂದೆ ಕೂರುತ್ತಾರೆ. ಅವರಿಗೆ ಕಾಫಿ, ಜೊತೆಗೆ ಒಂದು ಬಿಸ್ಕತ್ತು. ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚಿಕೊಳ್ಳುತ್ತದೆ; ಈ ಊರಲ್ಲಿ ಕಾಫಿಗೆ ಒಂದೇ ಬಿಸ್ಕತ್ತು, ಎರಡನೆಯದು ಯಾರಿಗೂ ಇಲ್ಲ. ಮಾತು ಮಾತ್ರ ಹೊರಡುವುದಿಲ್ಲ. ಕ್ಷೌರದಂಗಡಿಯಲ್ಲೂ ಮೂವತ್ತು ವರ್ಷ ಅವರು ಆಡಿದ್ದು ಒಂದೇ ಮಾತು: "ಕಿವಿ ಮೇಲೆ ಬೇಡ."

ಫ್ರೌಕ್ಯೆ ಮೊದಲ ದಿನವೇ ಕೇಳಬೇಕಾದ್ದನ್ನೆಲ್ಲ ಕೇಳಿ ಮುಗಿಸಿದ್ದಾರೆ. ಯಾವ ಹುಲ್ಲು? "ಮಾಮೂಲಿ." ಎಷ್ಟು? "ಬೇಕಾದಷ್ಟು." ಯಾವಾಗ? "ಆಗಾಗ." ಇವತ್ತು ಕೇಳಲು ಏನೂ ಉಳಿದಿಲ್ಲ. ಮೂವರೂ ಸುಮ್ಮನೆ ಬೊಲ್ಲೆಯನ್ನು ನೋಡುತ್ತಾರೆ. ಬೊಲ್ಲೆ ಗೋಡೆ ನೋಡುತ್ತಾನೆ.

ಕೂತು ಬೇಸರವಾದ ಡುರ್ಕ್ ಹಿತ್ತಲಿಗೆ ಹೋಗಿ, ಬಿಚ್ಚಿಟ್ಟಿದ್ದ ಸೈಕಲ್ಲಿನ ಬೆಲ್ಲು ಕೂರಿಸಿ, ಸರಿಯಾಯಿತೋ ಇಲ್ಲವೋ ಎಂದು ಒತ್ತುತ್ತಾರೆ. ಟ್ರಿಣ್ ಟ್ರಿಣ್ ಟ್ರಿಣ್!

"ರೀ! ಸದ್ದು!" ಎಂದು ಫ್ರೌಕ್ಯೆ ಗದರುವಷ್ಟರಲ್ಲಿ ಬೊಲ್ಲೆ ಎದ್ದು ನಿಂತಿದ್ದಾನೆ. ಮುಂಗಾಲು ಸರಳಿನ ಮೇಲೆ, ಮೂತಿ ಮೇಲಕ್ಕೆ. "ವ್ವೀಕ್! ವ್ವೀಕ್! ವ್ವೀಕ್!" ಇಷ್ಟು ದಿನದಲ್ಲಿ ಮೊದಲ ಸಲ ದನಿ ತೆಗೆದಿದ್ದಾನೆ. ಅತ್ತ ಇತ್ತ ನೋಡಿ, ಏನೂ ಬರದಿದ್ದಕ್ಕೆ ಮತ್ತೆ ಮುದುಡಿ ಕೂರುತ್ತಾನೆ.

ಹಾರ್ಮೆನ್ ಕಾಫಿ ಗುಟುಕರಿಸಿ ಹೇಳುತ್ತಾರೆ: "ಸೇತುವೆ ಏಳ್ತು ಅಂದ್ಕೊಂಡ."

"ಏನಂದೆ?"

"ಗಂಟೆ ಹೊಡೀತಲ್ಲ. ಸೇತುವೆ ಎದ್ದಾಗ ಅವನಿಗೆ ಊಟ."

ಮನೆಯಲ್ಲಿ ಸದ್ದು ನಿಷಿದ್ಧವೆಂಬುದನ್ನು ಫ್ರೌಕ್ಯೆಯೇ ಮರೆಯುತ್ತಾರೆ. ಅವರ ಕೂಗು ಬೀದಿಗೆಲ್ಲ ಕೇಳುತ್ತದೆ. "ಅಯ್ಯೋ ಮಹರಾಯ! ದಿನಾ ಬಂದು ಕೂರ್ತೀಯಲ್ಲ, ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಆಮೇಲೆ ಒಂದೊಂದೇ ಮಾತು ಹಲ್ಲು ಕಿತ್ತ ಹಾಗೆ ಹೊರಬರುತ್ತದೆ. ಸೇತುವೆ ಏಳುವಾಗ ಗಂಟೆ ಬಾರಿಸುತ್ತದೆ. ಹಾರ್ಮೆನ್ ಗಾಳದ ಕೋಲಿನ ತುದಿಗೆ ಕಟ್ಟಿದ, ಇಲ್ಲಿನವರು ತೊಡುವಂಥ ಮರದ ಬೂಟನ್ನು ದೋಣಿಯವರ ಮುಂದೆ ತೂಗಿಬಿಡುತ್ತಾರೆ. ಅವರು ಸುಂಕದ ನಾಣ್ಯ ಹಾಕಿ ಹೋಗುತ್ತಾರೆ. ನಾಣ್ಯ ತೆಗೆದುಕೊಂಡು, ಅದೇ ಬೂಟಿಗೆ ಹುಲ್ಲು ತುಂಬಿ ಕ್ಯಾಬಿನ್ನಿನೊಳಗೆ ತೂಗಿಬಿಟ್ಟರೆ ಬೊಲ್ಲೆ ಎಳೆದುಕೊಳ್ಳುತ್ತಾನೆ. ಬೇಸಿಗೆಯಲ್ಲಿ ದಿನವಿಡೀ ದೋಣಿ, ದಿನವಿಡೀ ಹುಲ್ಲು. ಇಲ್ಲಿ ನೋಡಿದರೆ ಗಂಟೆಯೊಳಗೆ ಕಾಲುಚೀಲ.

ಹಾರ್ಮೆನ್ ಲೋಟ ಇಟ್ಟು, ಟೋಪಿ ಹಾಕಿಕೊಂಡು, ಹೇಳದೆ ಕೇಳದೆ ಹೊರಟೇಹೋಗುತ್ತಾರೆ.

"ಬೇಜಾರಾಯ್ತೇನೋ," ಎನ್ನುತ್ತಾರೆ ಡುರ್ಕ್. "ನೀನು ಕೂಗಿದ್ದು ಜಾಸ್ತಿಯಾಯ್ತು."

ಹತ್ತು ನಿಮಿಷಕ್ಕೆ ವಾಪಸಾಗುತ್ತಾರೆ. ಹೆಗಲ ಮೇಲೆ ಗಾಳದ ಕೋಲು, ತುದಿಯಲ್ಲಿ ಹಳದಿ ಬಣ್ಣದ ಮರದ ಬೂಟು.

ಹಿತ್ತಲಲ್ಲಿ ಗೂಡು ಇಡುತ್ತಾರೆ. ಡುರ್ಕ್ ಬೆಲ್ಲು ಒತ್ತಿ ನಿಲ್ಲಿಸಿದರೆ ಹಾರ್ಮೆನ್ ತಲೆಯಾಡಿಸುತ್ತಾರೆ. "ನಿಲ್ಲಿಸ್ಬೇಡ. ಸೇತುವೆ ಗಂಟೆ ನಿಲ್ಲಲ್ಲ." ಬೂಟು ತೂಗಬೇಕೆನ್ನುವಾಗ ಮತ್ತೆ ತಲೆಯಾಡಿಸುತ್ತಾರೆ. "ಮೊದ್ಲು ದೋಣಿ ಹೋಗ್ಬೇಕು."

"ದೋಣಿ ಎಲ್ಲಿಂದ ತರಲಿ ನಾನು?"

ಹಾರ್ಮೆನ್ ಫ್ರೌಕ್ಯೆಯವರನ್ನೇ ನೋಡುತ್ತಾರೆ.

ಹೀಗೆ, ಅರವತ್ಮೂರು ವರ್ಷದ ಫ್ರೌಕ್ಯೆ ವೇಬೆಂಗಾ ಬಟ್ಟೆ ಒಣಗಿಸುವ ಬುಟ್ಟಿಯನ್ನು ಮುಂದೆ ಹಿಡಿದು, ಕೆನ್ನೆ ಉಬ್ಬಿಸಿ "ದುಗುದುಗುದುಗುದುಗು" ಎನ್ನುತ್ತಾ ಗೂಡಿನ ಮುಂದೆ ಹಾದುಹೋಗುತ್ತಾರೆ. ಹಳೇ ಡೀಸೆಲ್ ಇಂಜಿನ್ನಿನ ಕೆಮ್ಮನ್ನೂ ಬಿಡುವುದಿಲ್ಲ. ಬೇಲಿಯಾಚೆ ಪಕ್ಕದ ಮನೆಯ ಮುದುಕಿಯ ತಲೆ ಕಾಣಿಸುತ್ತದೆ.

"ಫ್ರೌಕ್ಯೆ, ಎಲ್ಲಾ ಸರಿ ಇದ್ಯೇನೇ?"

"ಸುಮ್ನಿರಿ ಅಜ್ಜಿ, ಸೇತುವೆ ಎದ್ದಿದೆ!"

ಬೂಟು ತೂಗುತ್ತಾ ಬರುತ್ತದೆ. ಅಂಚಿನಿಂದ ಉದ್ದ ಜಡೆಯಂಥ ಒಣಹುಲ್ಲು ಇಳಿಬಿದ್ದಿದೆ. ಬೊಲ್ಲೆ ಒಂದು ಎಳೆ ಕಚ್ಚುತ್ತಾನೆ, ಎಳೆಯುತ್ತಾನೆ, ಬೀಳಿಸುತ್ತಾನೆ. ಫ್ರೌಕ್ಯೆ ಮತ್ತೆ ಬುಟ್ಟಿ ಎತ್ತಿಕೊಳ್ಳುತ್ತಾರೆ. ಮತ್ತೆ ಗಂಟೆ, ಮತ್ತೆ ದೋಣಿ. ಮತ್ತೆ ಬೀಳಿಸುತ್ತಾನೆ. ಮೂರನೆಯ ದೋಣಿ ಹೋಗುವಷ್ಟರಲ್ಲಿ ದೋಣಿಗೇ ಏದುಸಿರು.

ಆಗ ಕೇಳಿಸುತ್ತದೆ. ಕರುಂ. ಸ್ವಲ್ಪ ತಡೆದು, ಕರುಂ ಕರುಂ. ಎಳೆ ತುದಿಯಿಂದ ಒಳಕ್ಕೆ ಸರಿಯುತ್ತಾ ಸರಿಯುತ್ತಾ ಪೂರ್ತಿ ಮಾಯವಾಗುತ್ತದೆ. ಬೊಲ್ಲೆ ಇನ್ನೊಂದನ್ನು ಎಳೆಯುತ್ತಾನೆ. ಹಾರ್ಮೆನ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಅದಕ್ಕೆ ಈ ಸಲ ಗಂಜಿಯೇನೂ ಬಿದ್ದಿರಲಿಲ್ಲ.

ಶುಕ್ರವಾರವಿಡೀ ಹಿತ್ತಲಲ್ಲಿ ದೋಣಿ ಓಡುತ್ತದೆ. ಶನಿವಾರ ವೈದ್ಯೆ ಬಂದಾಗ ಬೊಲ್ಲೆ ಗಂಟೆಗೂ ಕಾಯದೆ, ಬೂಟಿನೊಳಗೆ ತಲೆಯಿಟ್ಟು ತಿನ್ನುತ್ತಿದ್ದಾನೆ. ಅವರು ದವಡೆ ಮುಟ್ಟಿ ನೋಡಿ, ಚೀಲದಿಂದ ಏನನ್ನೂ ಹೊರಗೆ ತೆಗೆಯದೆ ಮುಚ್ಚುತ್ತಾರೆ. "ಮನೆಗೆ ಕರ್ಕೊಂಡು ಹೋಗಬಹುದು," ಎನ್ನುತ್ತಾರೆ. ಫ್ರೌಕ್ಯೆ ಬಿಸ್ಕತ್ತಿನ ಡಬ್ಬಿ ತೆರೆದು, ಹಾರ್ಮೆನ್ ಮುಂದೆ ಹಿಡಿದು, ಎರಡನೆಯದನ್ನೂ ತೆಗೆದುಕೊಳ್ಳಲು ಬಿಡುತ್ತಾರೆ. ಡುರ್ಕ್ ಇದನ್ನು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಹಂದಿ ತಿಂದದ್ದಕ್ಕಿಂತ ದೊಡ್ಡ ಸುದ್ದಿ ಅದು.

ಈಗ ಹಂದಿ ತಂದವರನ್ನೆಲ್ಲ ಫ್ರೌಕ್ಯೆ ಕೇಳುವ ಮೊದಲ ಪ್ರಶ್ನೆ: "ಊಟಕ್ಕೆ ಮುಂಚೆ ಇವನಿಗೆ ಏನು ಕೇಳಿಸುತ್ತೆ?" ಕರೆಗಂಟೆಯಿಂದ ಕಾಲುಚೀಲ ಹೊರಬಂದಿದೆ. ಆಸೆ ಏನಾದರೂ ಇದೆಯೇ ಎಂದರೆ, "ಕತ್ತರಿಗೆ ಸಾಣೆ ಹಿಡಿಸ್ಬೇಕು, ಅಷ್ಟೇ," ಎನ್ನುತ್ತಾರೆ.

ಮೊನ್ನೆ ಬೆಳಿಗ್ಗೆ ಫ್ರೌಕ್ಯೆ ಹುಲ್ಲಿನ ಚೀಲ ಕಟ್ಟಿಕೊಂಡು ಸೈಕಲ್ಲಿನಲ್ಲಿ ಬರುವಾಗ ಸೇತುವೆ ಎದ್ದಿದೆ. ಗಂಟೆ ಬಾರಿಸುತ್ತಿದೆ. ದೋಣಿ ದಾಟಿ ಹೋಗಿ ಎಷ್ಟೋ ಹೊತ್ತಾದರೂ ಸೇತುವೆ ಇಳಿಯುತ್ತಿಲ್ಲ. ಹಿಂದೆ ಕಾರುಗಳ ಸಾಲು. ಒಬ್ಬ ಕಿಟಕಿಯಿಂದ ತಲೆ ಹೊರಹಾಕಿ ಹಾರ್ನ್ ಒತ್ತುತ್ತಾನೆ.

"ಏನ್ರೀ ಅದು? ದೋಣಿ ಹೋಯ್ತಲ್ಲ, ಇನ್ನೂ ಯಾರಿಗೆ ಕಾಯ್ತಿದ್ದಾನೆ ಅವನು?"

ಫ್ರೌಕ್ಯೆ ಕ್ಯಾಬಿನ್ನಿನ ಕಿಟಕಿಯತ್ತ ನೋಡುತ್ತಾರೆ. ಒಳಗೆ ಹಳದಿ ಬೂಟು ಮೆಲ್ಲಗೆ ಅಲುಗುತ್ತಿದೆ.

"ಹಾರ್ನ್ ಹೊಡೀಬೇಡಪ್ಪಾ," ಎನ್ನುತ್ತಾರೆ. "ಒಬ್ರು ಊಟಕ್ಕೆ ಕೂತಿದ್ದಾರೆ."