ರುಚಿ ನೋಡದ ಹುಚ್ಚಮ್ಮನ ಮೀನೂಟ

ಭದ್ರಾವತಿಯಲ್ಲಿ ಹುಚ್ಚಮ್ಮನ ಮೀನೂಟ ಉಂಡವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಉಣ್ಣದವಳೆಂದರೆ ಹುಚ್ಚಮ್ಮನೇ. ಮೂವತ್ತು ವರ್ಷದ ಹಿಂದೆ ಮಗ ಸುದೀಪನಿಗೆ ಕಾಮಾಲೆ ಬಂದು ಜೀವಕ್ಕೇ ಕುತ್ತು ಬಂದಾಗ, ಅವನು ಉಳಿದರೆ ಮೀನು ನಾಲಿಗೆಗೆ ಮುಟ್ಟಿಸುವುದಿಲ್ಲ ಎಂದು ಅಮ್ಮನವರಿಗೆ ಹರಕೆ ಹೊತ್ತಳು. ಮಗ ಉಳಿದ. ಇವಳಿಗೆ ಸಾರಿನ ರುಚಿ ನೋಡುವ ದಾರಿಯೇ ಉಳಿಯಲಿಲ್ಲ. ಮೀನಿನ ಬದಲು ಹಾಗಲಕಾಯಿ ಬಿಟ್ಟಿದ್ದರೆ ಅಮ್ಮನವರೇನು ಬೇಡ ಅನ್ನುತ್ತಿದ್ದರೇ? ಇರಲಿ.

ಗಂಡ ಇದ್ದಷ್ಟು ದಿನ ಅವನು ರುಚಿ ನೋಡಿದ. ಅವನ ನಂತರ ಆ ಕೆಲಸ ರಾಮಚಂದ್ರಪ್ಪನ ಪಾಲಿಗೆ ಬಂತು. ಕಾರ್ಖಾನೆಯಿಂದ ನಿವೃತ್ತನಾದ ಆಸಾಮಿ, ಮಾತು ಕಡಿಮೆ. ಮಧ್ಯಾಹ್ನ ಹನ್ನೆರಡಕ್ಕೆ ಹೋಟೆಲಿನ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರೆ ಮೊದಲ ತಟ್ಟೆ ಅವನಿಗೆ. ಬಂಗುಡೆ ಸಾರಿಗೆ ಮುದ್ದೆ ಅದ್ದಿ ನುಂಗಿ ತಲೆಯಾಡಿಸಬೇಕು, ಆಮೇಲೆಯೇ ಉಳಿದವರಿಗೆ ಬಡಿಸುವುದು. ಸುದೀಪನನ್ನು ಕೇಳಿ ಪ್ರಯೋಜನವಿಲ್ಲ, ಅವನಿಗೆ ಏನು ಹಾಕಿದರೂ ಚೆನ್ನಾಗಿಯೇ ಇರುತ್ತದೆ. ಸೊಸೆ ಗಗನಾ ಮೊದಲಿಂದಲೂ ಸಸ್ಯಾಹಾರಿ.

ಕಳೆದ ತಿಂಗಳು ರಾಮಚಂದ್ರಪ್ಪ ಮಂಡಿ ಆಪರೇಷನ್ ಮಾಡಿಸಿಕೊಂಡು ಶಿವಮೊಗ್ಗದ ಗೋಪಾಳದಲ್ಲಿರುವ ಮಗಳ ಮನೆ ಸೇರಿದ. ಮರುದಿನವೇ ಯಾರೋ ಗಿರಾಕಿ ಉಪ್ಪು ಕೇಳಿದ. ಅಷ್ಟಕ್ಕೇ ಹುಚ್ಚಮ್ಮನ ಧೈರ್ಯ ಉಡುಗಿತು. ಒಂದು ದಿನ ಖಾರ ಹೆಚ್ಚಾಯಿತೇನೋ ಅನ್ನಿಸಿತು, ಇನ್ನೊಂದು ದಿನ ಹುಣಸೆ. ಐದನೆಯ ದಿನ ಬಾಗಿಲೇ ತೆಗೆಯಲಿಲ್ಲ.

“ರಾಮಚಂದ್ರಪ್ಪಣ್ಣನಿಗೆ ಒಂದು ಕ್ಯಾರಿಯರ್ ತಗೊಂಡು ಹೋಗ್ತೀನಿ. ಸರಿಯಿದೆ ಅಂದ್ರೆ ನಾಳೆ ಬಾಗಿಲು ತೆಗೀತೀನಿ. ಇಲ್ಲಾಂದ್ರೆ ಈ ಹೋಟೆಲ್ ಸಹವಾಸನೇ ಬೇಡ,” ಅಂದಳು. ಸುದೀಪನ ಮುಖ ಸಪ್ಪಗಾಯಿತು. ಅವನಿಗೆ ಗೊತ್ತಿದ್ದ ಕಸುಬೂ ಅದೊಂದೇ.

ಬಸ್ಸಿನಲ್ಲಿ ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡೇ ಗೋಪಾಳ ತಲುಪಿದಳು. ರಾಮಚಂದ್ರಪ್ಪ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ತಲೆಯಾಡಿಸಿದ.

“ಸರಿಯಾಗಿದೆ.”

ಹುಚ್ಚಮ್ಮ ಉಸಿರು ಬಿಡುವಷ್ಟರಲ್ಲಿ ಗಗನಾಳ ಫೋನು ಬಂತು. “ಅತ್ತೆ, ಚಿಪ್ಪಲ್ಲಿ ಅಳೆದಿಟ್ಟಿದ್ದ ಉಪ್ಪು ಒಲೆ ಪಕ್ಕ ಹಂಗೇ ಇದೆ. ಸಾರಿಗೆ ಹಾಕೇ ಇಲ್ಲ ನೀವು.”

ಹುಚ್ಚಮ್ಮ ಫೋನು ಕೆಳಗಿಟ್ಟಳು. “ಅಣ್ಣಾ, ಇದಕ್ಕೆ ಉಪ್ಪೇ ಬಿದ್ದಿಲ್ಲವಂತೆ.”

ರಾಮಚಂದ್ರಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಕಿಟಕಿಯ ಕಡೆ ನೋಡಿದ. “ಎರಡು ವರ್ಷ ಆಯ್ತು ಹುಚ್ಚಮ್ಮ. ಆಗ ನಂಗೆ ಜ್ವರ ಬಂದಿತ್ತಲ್ಲ, ಅದು ಹೋದ್ಮೇಲೆ ನನ್ನ ನಾಲಿಗೆಗೆ ಉಪ್ಪು, ಹುಳಿ ಯಾವುದೂ ಗೊತ್ತಾಗಲ್ಲ.”

“ಮತ್ತೆ ದಿನಾ ತಲೆ ಆಡಿಸ್ತಿದ್ರಲ್ಲ?”

“ಆಡಿಸ್ದಿದ್ರೆ ನೀನು ಬಡಿಸ್ತಾನೇ ಇರ್ಲಿಲ್ಲವಲ್ಲ ಮಾರಾಯ್ತಿ. ಅಷ್ಟು ಜನ ಹಸ್ಕೊಂಡು ಕೂತಿರ್ತಿದ್ರು.”

ಹುಚ್ಚಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ನಿಧಾನಕ್ಕೆ ತಲೆಗೆ ಹೊಳೆಯಿತು. ಎರಡು ವರ್ಷ ಯಾರೂ ರುಚಿ ನೋಡದ ಸಾರನ್ನೇ ಜನ ಕಾದು ಕೂತು, ಎರಡನೆಯ ಸಲ ಹಾಕಿಸಿಕೊಂಡು, ಪಾತ್ರೆಯ ತಳ ಕಾಣಿಸಿದ್ದರು. ಹಾಗಾದರೆ ಆ ರುಚಿಯಷ್ಟೂ ತನ್ನ ಕೈಯದೇ. ಎದೆಯ ಭಾರ ಇಳಿದು ಎಷ್ಟು ಹಗುರಾಯಿತೆಂದರೆ, ಸೆರಗು ಬಾಯಿಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಸುದೀಪನಿಗೆ ಫೋನು ಹಚ್ಚಿ, ಬೆಳಿಗ್ಗೆ ಮಲ್ಪೆಯ ಮೀನಿನ ಲಾರಿ ಬರುವ ಹೊತ್ತಿಗೆ ಮಾರ್ಕೆಟ್ಟಿನಲ್ಲಿರು ಎಂದಳು. ಖಾಲಿ ಕ್ಯಾರಿಯರ್ ಎತ್ತಿಕೊಂಡು ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತಳು.

“ಕಾಲು ವಾಸಿಯಾದ ಕೂಡ್ಲೇ ಬಂದುಬಿಡಿ ಅಣ್ಣ. ಮೊದಲ ತಟ್ಟೆ ನಿಮ್ಮದೇ.”

“ನಂಗೆ ರುಚಿನೇ ಗೊತ್ತಾಗಲ್ವಲ್ಲ.”

“ನಂಗೇನು ಗೊತ್ತಾಗುತ್ತಾ? ನೀವು ಬಂದು ತಲೆ ಆಡಿಸಿ, ಸಾಕು.”